ನಿಕೋಲ್ ಫ್ರೆರ್ ಹೌದು, 1885 ಅಲ್ಲ: ಒಂದು ಹಳೆಯ ಮ್ಯೂಸಿಕ್ ಬಾಕ್ಸಿನ ಗುರುತು ಹಚ್ಚಿದ ಬಗೆ

ಹಳೆಯ ಮ್ಯೂಸಿಕ್ ಬಾಕ್ಸುಗಳ ಮಾರುಕಟ್ಟೆಯಲ್ಲಿ ಪದೇಪದೇ ಎದುರಾಗುವ ಗೊಂದಲವೊಂದನ್ನು ತೋರಿಸಲು ಕಟ್ಟಿದ ಮಾದರಿ ಪ್ರಕರಣ ಇದು. ಅಳತೆ, ಗುರುತು, ತಪ್ಪು ಎಲ್ಲ ಇಂಥ ಪೆಟ್ಟಿಗೆಗಳಲ್ಲಿ ನಿಜವಾಗಿ ಕಾಣುವಂಥವೇ.

ಮೇಜಿನ ಮೇಲಿರುವುದು ಸಿಲಿಂಡರ್ ಬಗೆಯ ಪೆಟ್ಟಿಗೆ: ತಿರುಗುವ ಸಿಲಿಂಡರಿನ ಮುಳ್ಳುಗಳು ಉಕ್ಕಿನ ಬಾಚಣಿಗೆಯ ಹಲ್ಲುಗಳನ್ನು ಮೀಟಿ ಮಟ್ಟು ನುಡಿಸುತ್ತವೆ. ಸಿಲಿಂಡರಿನ ಉದ್ದ 13 ಅಂಗುಲ, ಅಂದರೆ 33 ಸೆಂಟಿಮೀಟರ್. ಅದರ ಮುಂದೆ 97 ಹಲ್ಲಿನ, ಒಂದೇ ತುಂಡಿನ ಉಕ್ಕಿನ ಬಾಚಣಿಗೆ. ಮುಚ್ಚಳದ ಒಳಮೈಗೆ ಹಿತ್ತಾಳೆಯ ಚಿಕ್ಕ ಫಲಕ, ಅದರಲ್ಲಿ ‘ನಿಕೋಲ್ ಫ್ರೆರ್, ಜಿನೀವಾ, 1885’ ಎಂಬ ಬರಹ. ಫಲಕದ ಕೆಳಗೆ ಎಂಟು ಮಟ್ಟುಗಳ ಹೆಸರಿರುವ ಹಳದಿಗಟ್ಟಿದ ಹಾಳೆ. ಪೆಟ್ಟಿಗೆಗೆ ಕೊಟ್ಟಿರುವ ವಿವರಣೆ ಈ ಎರಡನ್ನೇ ನಂಬಿದೆ: ನಿಕೋಲ್ ಫ್ರೆರ್, 1885, ಎಂಟು ಮಟ್ಟು. ಈ ಮೂರರಲ್ಲಿ ಒಂದು ಮಾತ್ರ ನಿಜ. ಅದಕ್ಕೂ ಫಲಕ ಸಾಕ್ಷಿಯಲ್ಲ.

ಗುರುತು ಹಚ್ಚುವಾಗ ಮೊದಲು ಕೇಳಬೇಕಾದದ್ದು ‘ಏನು ಬರೆದಿದೆ’ ಎಂದಲ್ಲ, ‘ಬರೆದದ್ದನ್ನು ಕಿತ್ತು ಬೇರೆ ಪೆಟ್ಟಿಗೆಗೆ ಹಾಕಲು ಎಷ್ಟು ಕಷ್ಟ’ ಎಂದು. ಫಲಕ ಎರಡು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಹಾಳೆಗೆ ಅಂಟು ನೆನೆಸಿದರೆ ಸಾಕು. ಮರದ ಪೆಟ್ಟಿಗೆಯಿಂದ ಯಂತ್ರವನ್ನು ಬಿಡಿಸುವುದು ಕಾಲು ಗಂಟೆಯ ಕೆಲಸ. ಆದರೆ ಒಂದರ ಬಾಚಣಿಗೆಗೆ ಇನ್ನೊಂದರ ಸಿಲಿಂಡರನ್ನು ಹೊಂದಿಸಲಾಗದು. ಆ ಬಾಚಣಿಗೆಯ ಹಲ್ಲುಗಳ ಅಂತರ ನೋಡಿಯೇ ಆ ಸಿಲಿಂಡರಿಗೆ ಸಾವಿರಾರು ಮುಳ್ಳು ನೆಟ್ಟಿರುತ್ತಾರೆ. ಹಾಗಾಗಿ ಪರೀಕ್ಷೆ ಸುಲಭವಾಗಿ ಬದಲಾಗುವುದರಿಂದ ಶುರುವಾಗಿ ಬದಲಾಗದ ಕಡೆಗೆ ಹೋಗಬೇಕು. ತೀರ್ಪನ್ನು ಮಾತ್ರ ಬದಲಾಗದ ತುದಿಯಿಂದ ಹಿಂದಕ್ಕೆ ಬರೆಯಬೇಕು.

ಫಲಕ

ಫಲಕವನ್ನು ಹಿಡಿದಿರುವುದು ತಲೆಯಲ್ಲಿ ಕೂಡು ಗುರುತಿನಂತೆ ಅಡ್ಡ-ನೆಟ್ಟ ಸೀಳಿರುವ ಸ್ಕ್ರೂ. ಈ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಫಲಕದ ವಿಚಾರಣೆ ಇಲ್ಲಿಗೇ ಮುಗಿಯುತ್ತದೆ.

ಸ್ಕ್ರೂ ಹಳೆಯದೇ ಆಗಿದ್ದರೂ ಮುಚ್ಚಳದ ಮೇಲಿನ ಹೆಸರು ತಯಾರಕರದೇ ಎನ್ನುವಂತಿಲ್ಲ. ನಿಕೋಲ್ ಫ್ರೆರ್, ಅಂದರೆ ನಿಕೋಲ್ ಸಹೋದರರು, ಜಿನೀವಾದಲ್ಲಿ 1815ರ ಹೊತ್ತಿಗೆ ಶುರು ಮಾಡಿದ ಸಂಸ್ಥೆ. ಕೊನೆಯ ದಶಕಗಳಲ್ಲಿ ಅದರ ವ್ಯವಹಾರ ಲಂಡನ್ನಿಗೆ ಜಾರಿತು. ಲೈಪ್ಸಿಗ್‌ನ ಪಾಲಿಫೋನ್ ಡಿಸ್ಕ್ ಪೆಟ್ಟಿಗೆಗಳನ್ನೂ ಅಲ್ಲಿ ಏಜೆಂಟರಾಗಿ ಮಾರಿದರು. ಆದ್ದರಿಂದ ಪಾಲಿಫೋನ್ ಪೆಟ್ಟಿಗೆಯ ಮೇಲೆ ‘ನಿಕೋಲ್’ ಚೀಟಿ ಕಂಡರೆ ಅದು ಮಾರಿದವರ ಹೆಸರು, ಮಾಡಿದವರದಲ್ಲ. ಪ್ಯಾರಿಸಿನ ತಿಬೂವಿಲ್-ಲಾಮಿ ಹೆಸರಿನಲ್ಲಿ ಹೋದ ಪೆಟ್ಟಿಗೆಗಳ ಕಥೆಯೂ ಇಷ್ಟೆ: ಅವುಗಳ ಯಂತ್ರ ಸೇಂತ್-ಸೂಜಾನ್ ಊರಿನ ಲೆಪೆ ಕಾರ್ಖಾನೆಯದು.

ಮಟ್ಟುಗಳ ಹಾಳೆ

ತಯಾರಕರ ಪತ್ತೆಗೆ ಹೆಚ್ಚಿನವರು ನೋಡುವುದು ಹಾಳೆಯನ್ನೇ. ಅದು ತಪ್ಪೂ ಅಲ್ಲ. ಪಿ.ವಿ.ಎಫ್. ಎಂದಿದ್ದರೆ ಸೇಂತ್-ಕ್ರ್ವಾ ಊರಿನ ಪೈಯಾರ್-ವೋಶೆ ಮನೆತನ, ಬಿ.ಎ.ಬಿ. ಎಂದಿದ್ದರೆ ಜಿನೀವಾದ ಬ್ರೆಮೋಂ. ಹಾಳೆ ಅದೇ ಪೆಟ್ಟಿಗೆಯದು ಎಂದು ಖಾತ್ರಿಯಾದಾಗ ಈ ಮೊದಲಕ್ಷರಗಳು ಗಟ್ಟಿ ಸಾಕ್ಷ್ಯ. ನಮ್ಮ ಹಾಳೆಯಲ್ಲಿ ಮೊದಲಕ್ಷರವಿಲ್ಲ, ಹೂಬಳ್ಳಿಯ ಅಂಚು ಮಾತ್ರ ಅಚ್ಚಾಗಿದೆ. ಹೆಸರಿಲ್ಲದ ಹಾಳೆ ಆ ಕಾಲದಲ್ಲಿ ಸಾಮಾನ್ಯ. ಅಂಗಡಿಯವರು ತಮ್ಮ ಹೆಸರು ಕಾಣಲಿ ಎಂದು ತಯಾರಕರ ಹೆಸರನ್ನು ಬಿಡಿಸುತ್ತಿದ್ದರು.

ಹಾಳೆಯ ಮೂಲೆಯಲ್ಲಿ ಶಾಯಿಯಲ್ಲಿ ಬರೆದ ನಾಲ್ಕಂಕಿಯ ಸಂಖ್ಯೆ ಇದೆ. ಕೆಳಗೆ ಬೆಡ್‌ಪ್ಲೇಟಿನ, ಅಂದರೆ ಇಡೀ ಯಂತ್ರ ಕೂತಿರುವ ಲೋಹದ ತಟ್ಟೆಯ ಮೇಲೆ ಗುದ್ದಿರುವುದು ಐದಂಕಿ. ‘ಹೊಂದುತ್ತಿಲ್ಲ, ಹಾಳೆ ಬೇರೆಯದು’ ಎಂದು ಇಲ್ಲೇ ತೀರ್ಮಾನಿಸಿದರೆ ಅವಸರವಾದೀತು. ಜಿನೀವಾದ ಪೆಟ್ಟಿಗೆಗಳಿಗೆ, ನಿಕೋಲ್ ಪೆಟ್ಟಿಗೆಗಳಿಗೂ ಸೇರಿ, ಎರಡು ಬಗೆಯ ನಂಬರ್ ಇರುತ್ತದೆ. ಒಂದು ಆ ಪೆಟ್ಟಿಗೆಗೆ ಮಾತ್ರ ಸಲ್ಲುವ ಸೀರಿಯಲ್ ನಂಬರ್. ಇನ್ನೊಂದು ‘ಗಮ್’ ನಂಬರ್, ಅಂದರೆ ಆ ಮಟ್ಟುಗಳ ಜೋಡಣೆಗೆ ಕೊಟ್ಟ ನಂಬರ್. ಒಂದೇ ಮಟ್ಟುಗಳ ಹತ್ತು ಪೆಟ್ಟಿಗೆ ಮಾಡಿದರೆ ಹತ್ತು ಸೀರಿಯಲ್ ನಂಬರ್, ಒಂದೇ ಗಮ್ ನಂಬರ್. ನಾಲ್ಕಂಕಿ ಗಮ್ ನಂಬರ್ ಆಗಿರಬಹುದಾದ್ದರಿಂದ, ನಂಬರ್ ಹೊಂದದಿರುವುದು ಬರೀ ಅನುಮಾನ, ಪುರಾವೆಯಲ್ಲ. ಗಮ್ ನಂಬರನ್ನು ಸೀರಿಯಲ್ ಎಂದು ಓದಿ ಪೆಟ್ಟಿಗೆಯನ್ನು ದಶಕಗಳಷ್ಟು ಹಿಂದಕ್ಕೆ ತಳ್ಳುವುದು ಹೊಸಬರಲ್ಲಿ ಬಹಳ ಕಾಣುವ ತಪ್ಪು.

ಪುರಾವೆ ಸಿಗುವುದು ಮಟ್ಟುಗಳ ಹೆಸರಿನಲ್ಲಿ. ಐದನೆಯ ಸಾಲಿನಲ್ಲಿ ಪ್ಲಾಂಕೆಟ್ ಬರೆದ ‘ಲೆ ಕ್ಲೋಶ್ ದ ಕೋರ್ನವಿಲ್’ ಎಂಬ ಗೀತನಾಟಕದ ಮಟ್ಟು ಇದೆ. ಅದು ಪ್ಯಾರಿಸಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1877ರಲ್ಲಿ. ಈ ಹಾಳೆ ಬರೆದದ್ದು ಅದಕ್ಕಿಂತ ಮುಂಚೆ ಇರಲು ಸಾಧ್ಯವೇ ಇಲ್ಲ. ಒಂದು ವಿಷಯ ನೆನಪಿರಲಿ: ಮಟ್ಟು ಹೇಳುವುದು ‘ಇದಕ್ಕಿಂತ ಹಿಂದಲ್ಲ’ ಎಂದಷ್ಟೆ. ‘ಇದಕ್ಕಿಂತ ಮುಂದಲ್ಲ’ ಎನ್ನುವುದನ್ನು ಅದು ಯಾವತ್ತೂ ಹೇಳುವುದಿಲ್ಲ, ಜನಪ್ರಿಯ ಮಟ್ಟುಗಳನ್ನು ಐವತ್ತು ವರ್ಷವಾದರೂ ಮತ್ತೆ ಮತ್ತೆ ಹಾಕುತ್ತಿದ್ದರು.

ಹಾಳೆ ಓದುವಾಗ ಕಾನೂನೂ ನೆರವಿಗೆ ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಕಾನೂನು ಬಂದದ್ದು 1888ರಲ್ಲಿ. ಹಾಗಾಗಿ ಸ್ವಿಸ್ ಶಿಲುಬೆಯ ಗುರುತಿನ ಜೊತೆ ಪೇಟೆಂಟ್ ನಂಬರ್ ಇದ್ದರೆ ಅದು ಅದರ ನಂತರದ್ದು. ಬ್ರಿಟನ್ನಿನ 1887ರ ಸರಕು ಗುರುತಿನ ಕಾಯ್ದೆ ಮತ್ತು ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಬಂದ ನಂತರ, ಆಮದು ಸರಕಿನ ಮೇಲೆ ‘ಸ್ವಿಸ್ ತಯಾರಿಕೆ’ ಎಂದು ಇಂಗ್ಲಿಷಿನಲ್ಲಿ ಬರೆಯುವ ರೂಢಿ ಬಲವಾಯಿತು. ನಮ್ಮ ಹಾಳೆಯಲ್ಲಿ ಎರಡೂ ಇಲ್ಲ. ಹಾಗಾದರೆ ಅದು 1877ರ ಈಚಿನದು, ಬಹುಶಃ 1890ಕ್ಕಿಂತ ಹಿಂದಿನದು. ಫಲಕ ಬರೆದವರು ಆ ‘1885’ನ್ನು ಎಲ್ಲಿಂದ ಊಹಿಸಿರಬಹುದು ಎಂಬುದೂ ಇಲ್ಲಿ ತಿಳಿಯಿತು.

ಮರದ ಪೆಟ್ಟಿಗೆ ಏನೋ ಹೇಳುತ್ತಿದೆ

ಮುಚ್ಚಳ ತೆರೆದು ಎಡಗಡೆ ನೋಡಿ. ಮರದ ಒಂದು ಅಡ್ಡಹಲಗೆ, ಅದರಾಚೆ ಖಾಲಿ ಕೋಣೆ. ಆ ಕೋಣೆ ಇರುವುದು ಸನ್ನೆ ಎಳೆದು ಕೀ ಕೊಡುವ ಯಂತ್ರಗಳಲ್ಲಿ, ಸನ್ನೆ ಆಡಲು ಜಾಗ ಬೇಕೆಂದು. ನಮ್ಮ ಯಂತ್ರಕ್ಕೆ ಸನ್ನೆಯೇ ಇಲ್ಲ. ಸ್ಪ್ರಿಂಗಿನ ಡಬ್ಬಿಯಿಂದ ಚೌಕ ತುದಿಯ ಅಚ್ಚು ಎಡಕ್ಕೆ ಚಾಚಿದೆ, ಬಿಡಿ ಕೀಲಿಕೈ ತೂರಿಸಿ ಕೀ ಕೊಡಬೇಕು. ಪಕ್ಕದಲ್ಲೇ ಮೂರು ಚಿಕ್ಕ ಹಿಡಿಗಳು: ಶುರು-ನಿಲುಗಡೆ, ಮಟ್ಟು ಬದಲಾವಣೆ, ತಕ್ಷಣ ನಿಲ್ಲಿಸುವುದು. ಕೀಲಿಕೈಯ ಯಂತ್ರಗಳ ಎಡಗೋಡೆಯಲ್ಲಿ ಕೆಳಕ್ಕೆ ಬೀಳುವ ಚಿಕ್ಕ ಬಾಗಿಲಿರುತ್ತದೆ. ಇದರಲ್ಲಿ ಅದಿಲ್ಲ.

ಅಡ್ಡಹಲಗೆಯಲ್ಲಿ ಅಚ್ಚಿನ ತುದಿ ಹೊರಬರುವ ತೂತಿನ ಒಳ ಅಂಚನ್ನು ಟಾರ್ಚ್ ಹಿಡಿದು ನೋಡಿದರೆ ಮರ ತಿಳಿಬಣ್ಣ, ನಾರು ಸೀಳಿಕೊಂಡಿದೆ. ಸುತ್ತಲಿನ ಮರವೋ ನೂರು ವರ್ಷದ ಮೇಣ, ಕೊಳೆ ಕುಡಿದು ಕಪ್ಪಾಗಿದೆ. ತೂತು ಕೊರೆದದ್ದು ಬಹಳ ಈಚೆಗೆ. ಯಂತ್ರದ ಬಲಬದಿಗೆ ನಾಲ್ಕು ಸೆಂಟಿಮೀಟರ್ ಸಂದು ಉಳಿದಿದ್ದು, ಅಲ್ಲಿ ಪೈನ್ ಮರದ ತುಂಡು ತುರುಕಿದ್ದಾರೆ. ಮುಂಗೋಡೆಯ ಹೊರಗೆ, ಬೆಡ್‌ಪ್ಲೇಟ್ ಹಿಡಿಯುವ ಸ್ಕ್ರೂಗಳ ಪಕ್ಕದಲ್ಲೇ ಮೇಣ ತುಂಬಿ ಮುಚ್ಚಿದ ಹಳೆಯ ತೂತುಗಳಿವೆ. ಇಲ್ಲಿ ಮೊದಲು ಬೇರೊಂದು ಯಂತ್ರ ಕೂತಿತ್ತು.

ಕೀಲಿಕೈ ಹೋಗಿ ಸನ್ನೆ ಬಂದದ್ದು ಸುಮಾರು 1860ರ ಹೊತ್ತಿಗೆ. ಹಾಗಾದರೆ ಮರದ ಪೆಟ್ಟಿಗೆ 1860ರ ಈಚಿನದು, ಯಂತ್ರ ಅದಕ್ಕಿಂತ ಹಿಂದಿನದು. ಹಾಳೆ ಪೆಟ್ಟಿಗೆಯ ಪಾಳಿಗೆ ಸೇರುತ್ತದೆಯೋ ಯಂತ್ರದ ಪಾಳಿಗೋ ಎಂಬುದನ್ನು ಯಂತ್ರವನ್ನೇ ಕೇಳಬೇಕು.

ಬಿಚ್ಚುವ ಮೊದಲು

ಇಲ್ಲಿ ಅಚಾತುರ್ಯವಾದರೆ ಪೆಟ್ಟಿಗೆ ಹಾಳಾಗುವುದು ಖಂಡಿತ. ಸ್ಪ್ರಿಂಗಿನಲ್ಲಿ ಬಿಗಿ ಇರುವಾಗ ಗವರ್ನರನ್ನು ಸಡಿಲಿಸಿದರೆ ತಡೆಯಿಲ್ಲದ ಸಿಲಿಂಡರ್ ಬುಗುರಿಯಂತೆ ತಿರುಗುತ್ತದೆ. ಎರಡೇ ಸೆಕೆಂಡಿನಲ್ಲಿ ಮುಳ್ಳುಗಳು ಮಲಗುತ್ತವೆ, ಹಲ್ಲಿನ ತುದಿಗಳು ಹಾರಿಹೋಗುತ್ತವೆ. ಗವರ್ನರ್ ಅಂದರೆ ಗಾಳಿಗೆ ತಡೆ ಒಡ್ಡುವ ಚಿಕ್ಕ ರೆಕ್ಕೆ ಮತ್ತು ಅದನ್ನು ತಿರುಗಿಸುವ ಎಳೆಸುರುಳಿಯ ಅಚ್ಚು. ಇಡೀ ಯಂತ್ರದ ಲಗಾಮು ಆ ಬೆರಳುದ್ದದ ಸಾಮಾನಿನಲ್ಲಿದೆ.

ಮಟ್ಟು ಪೂರ್ತಿ ನುಡಿದು ತಾನಾಗಿ ನಿಲ್ಲುವವರೆಗೆ ಬಿಡಿ. ಆಗ ಸಿಲಿಂಡರಿನ ಮುಳ್ಳಿಲ್ಲದ ಪಟ್ಟೆ ಹಲ್ಲುಗಳ ಎದುರು ಬಂದಿರುತ್ತದೆ. ನಡುವೆ ನಿಲ್ಲಿಸಿ ಬಾಚಣಿಗೆ ತೆಗೆದರೆ ಮುಳ್ಳಿನ ಮೇಲೆ ಕೂತ ಹಲ್ಲು ಮುರಿಯುತ್ತದೆ. ಮತ್ತೆ ಕೀ ಕೊಡದೆ, ನುಡಿಸಿ ನುಡಿಸಿ ಸ್ಪ್ರಿಂಗನ್ನು ಸುಸ್ತು ಮಾಡಿ, ಪ್ರತಿ ಸಲವೂ ಮಟ್ಟಿನ ಕೊನೆಯಲ್ಲೇ ನಿಲ್ಲಿಸಿ. ಉಳಿದ ಬಿಗಿಯನ್ನು ಇಳಿಸಲು ಕೀಲಿಕೈ ತೂರಿಸಿ ಗಟ್ಟಿಯಾಗಿ ಹಿಡಿದು, ತಡೆಕೊಕ್ಕೆಯನ್ನು ಎತ್ತಿ, ಅರ್ಧ ಸುತ್ತಿಗೊಮ್ಮೆ ಕೊಕ್ಕೆ ಬಿಡುತ್ತ ನಿಧಾನಕ್ಕೆ ಬಿಟ್ಟುಕೊಡಬೇಕು. ಸ್ಪ್ರಿಂಗ್ ಡಬ್ಬಿಯ ಹಲ್ಲುಚಕ್ರ ಬೆರಳಿಗೆ ಎರಡೂ ಕಡೆ ಒಂದಿಷ್ಟು ಸಡಿಲವಾಗಿ ಅಲ್ಲಾಡಿದರೆ ಬಿಗಿ ಪೂರ್ತಿ ಇಳಿದಿದೆ ಎಂದರ್ಥ. ಒಂದೇ ಕಡೆಗೆ ತಳ್ಳುತ್ತಿದ್ದರೆ ಇನ್ನೂ ಇದೆ. ಇದನ್ನು ಎರಡು ಸಲ ನೋಡಿ. ಗವರ್ನರನ್ನು ಈ ಪರೀಕ್ಷೆಯಲ್ಲಿ ಬಿಚ್ಚುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು: ಗುರುತು ಓದುವ ಮುಂಚೆ ಹಿತ್ತಾಳೆಗೆ ಬ್ರಾಸೊ ಹಾಕಿ ತಿಕ್ಕಬೇಡಿ. ದೇವರ ಮನೆಯ ದೀಪ ಬೆಳಗುವ ಉತ್ಸಾಹ ಇಲ್ಲಿ ಬೇಡ. ಸೂಜಿಯಿಂದ ಗೀಚಿದ ಅಂಕಿಗಳು ಕೂದಲೆಳೆಯಷ್ಟೇ ಆಳ ಇರುತ್ತವೆ, ಒಂದೇ ತಿಕ್ಕಿಗೆ ಅಳಿಸಿಹೋಗುತ್ತವೆ. ಅಕ್ಷರದೊಳಗೆ ಕೂತ ಕೊಳೆಯೂ ಸಾಕ್ಷಿಯೇ.

ಬಾಚಣಿಗೆಯ ಅಚ್ಚು

ಬಾಚಣಿಗೆಯ ಎಡತುದಿ, ಅಂದರೆ ಮಂದ್ರ ಸ್ವರದ ದಪ್ಪ ಹಲ್ಲುಗಳಿರುವ ಕಡೆ, ನಿಕೋಲ್ ತಮ್ಮ ಹೆಸರು ಗುದ್ದುತ್ತಿದ್ದ ಜಾಗ. ದೀಪವನ್ನು ಮೇಲಿನಿಂದ ಹಿಡಿದರೆ ಅಲ್ಲಿ ಬರೀ ಕಂದು ಕಲೆ ಕಾಣುತ್ತದೆ. ಟಾರ್ಚನ್ನು ಬಾಚಣಿಗೆಯ ಮೈಗೆ ತಾಗುವಷ್ಟು ಕೆಳಗಿಳಿಸಿ, ಬೆಳಕು ಅಡ್ಡಡ್ಡ ಹಾಯುವಂತೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಬೇಕು. ನೆರಳಿನಿಂದ ಅಕ್ಷರಗಳು ಏಳುತ್ತವೆ: ‘ನಿಕೋಲ್ ಫ್ರೆರ್’, ಅದರ ಕೆಳಗೆ ‘ಅ ಜೆನೆವ್’, ಅಂದರೆ ಜಿನೀವಾದಲ್ಲಿ. ರೋಮನ್ ದೊಡ್ಡಕ್ಷರ, ಫ್ರೆಂಚಿನ ಸ್ವರಚಿಹ್ನೆಗಳಿಲ್ಲ. ಬೆಡ್‌ಪ್ಲೇಟಿನ ಹಿತ್ತಾಳೆಯ ಮೇಲೂ ಅದೇ ಹೆಸರು, ಜೊತೆಗೆ ಐದಂಕಿಯ ನಂಬರ್.

ಒಳ್ಳೆಯ ಬೆಲೆಯ ಹೆಸರು ಇದಾದ್ದರಿಂದ ಆಮೇಲೆ ಗುದ್ದಿದ್ದೇ ಎಂದೂ ಪರೀಕ್ಷಿಸಬೇಕು. ಹಿತ್ತಾಳೆಗೆ ಅಚ್ಚು ಗುದ್ದಿದಾಗ ಅಕ್ಷರದ ಅಂಚಿನಲ್ಲಿ ಲೋಹ ಉಬ್ಬಿ ಚಿಕ್ಕ ದಡ ಏಳುತ್ತದೆ. ಕಾರ್ಖಾನೆಯಲ್ಲಿ ಗುದ್ದಿದ ಮೇಲೆ ತಟ್ಟೆಯನ್ನು ನಯಗೊಳಿಸಿದ್ದರೆ ಆ ದಡ ಸವೆದು ಸಮವಾಗಿರುತ್ತದೆ. ಉಗುರು ಆಡಿಸಿದರೆ ಏನೂ ತಡೆಯಬಾರದು. ಈಚೆಗೆ ಗುದ್ದಿದ್ದಾದರೆ ಉಗುರಿಗೆ ತರಕು ತಾಗುತ್ತದೆ, ಅಕ್ಷರದ ತಳ ಸುತ್ತಲಿನ ಮೈಗಿಂತ ಹೊಳೆಯುತ್ತದೆ. ಬಾಚಣಿಗೆಯ ವಿಷಯ ಬೇರೆ: ಅದು ಕಾಯಿಸಿ ಹದ ಕೊಟ್ಟ ಉಕ್ಕು, ಹದ ಕೊಟ್ಟ ಮೇಲೆ ಅಚ್ಚು ಸರಿಯಾಗಿ ಇಳಿಯುವುದಿಲ್ಲ. ಮೇಲೆಮೇಲೆ ಕೂತ, ಒಂದು ಅಂಚು ಆಳ ಇನ್ನೊಂದು ಅಂಚು ತೇಲಿದ ಅಕ್ಷರ ಕಂಡರೆ ಅನುಮಾನಿಸಿ. ಇಲ್ಲಿ ಎಲ್ಲ ಅಕ್ಷರಗಳೂ ಒಂದೇ ಆಳ, ಒಳಗೆ ಮೈಯಷ್ಟೇ ಹಳೆಯ ಕಂದು ತುಕ್ಕು.

ಮಟ್ಟು ಎಷ್ಟು? ಎಣಿಸಿ

ಸಿಲಿಂಡರಿನ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಚಿಕ್ಕ ಚಕ್ರವಿದೆ. ಪ್ರತಿ ಸುತ್ತು ಮುಗಿದಾಗ ಅದು ಒಂದು ಮೆಟ್ಟಿಲು ಮುಂದೆ ಹೋಗಿ ಸಿಲಿಂಡರನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತದೆ. ಆಗ ಹಲ್ಲುಗಳ ಎದುರು ಬೇರೆ ಮುಳ್ಳಿನ ಸಾಲು, ಬೇರೆ ಮಟ್ಟು. ಮೆಟ್ಟಿಲು ಎಣಿಸಿದರೆ ಆರು. ಒಂದು ಸುತ್ತಿಗೆ ಎರಡು ಮಟ್ಟು ನುಡಿಸುವ ಪೆಟ್ಟಿಗೆಗಳೂ ಇವೆ, ಆದ್ದರಿಂದ ಕೇಳಿಯೂ ನೋಡಬೇಕು. ಇದರಲ್ಲಿ ಸುತ್ತಿಗೆ ಒಂದೇ.

ಅಳತೆಯೂ ಇದನ್ನೇ ಹೇಳುತ್ತದೆ. 97 ಹಲ್ಲುಗಳು ಸುಮಾರು 325 ಮಿಲಿಮೀಟರ್ ಉದ್ದಕ್ಕೆ ಹರಡಿವೆ, ಹಲ್ಲಿಂದ ಹಲ್ಲಿಗೆ 3.35 ಮಿಲಿಮೀಟರ್. ಆ ಜಾಗದಲ್ಲಿ ಎಲ್ಲ ಮಟ್ಟುಗಳ ಮುಳ್ಳಿನ ಸಾಲೂ ಹಿಡಿಯಬೇಕು. ಆರು ಮಟ್ಟಾದರೆ ಸಾಲಿಂದ ಸಾಲಿಗೆ 0.56 ಮಿಲಿಮೀಟರ್, ಎಂಟಾದರೆ 0.42. ಅರ್ಧ ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲನ್ನು ಸಿಲಿಂಡರಿಗೆ ತಾಗದಂತೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸಾಲುಗಳು ಗೆರೆಗಳಿಗಿಂತ ತುಸು ದೂರದೂರ ಬೀಳುತ್ತವೆ. ಆರೇ ಮಟ್ಟು. ಎಂಟು ಮಟ್ಟಿನ ಹಾಳೆ ಈ ಯಂತ್ರದ್ದಲ್ಲ. ಗಮ್ ನಂಬರಿನ ಅನುಮಾನವೂ ಇಲ್ಲಿಗೆ ಬಿತ್ತು.

ಬಾಚಣಿಗೆ ಈ ಸಿಲಿಂಡರಿನದೇ? ಒಂದು ಮಟ್ಟಿನಲ್ಲಿ ನಿಲ್ಲಿಸಿ, ಎಡತುದಿಯಿಂದ ಬಲತುದಿಯವರೆಗೆ ಪ್ರತಿ ಹಲ್ಲಿನ ತುದಿಯ ನಡುಮಧ್ಯಕ್ಕೆ ಮುಳ್ಳಿನ ಸಾಲು ಬರುತ್ತದೆಯೇ ನೋಡಬೇಕು. ಬೇರೆ ಪೆಟ್ಟಿಗೆಯ ಬಾಚಣಿಗೆಯಾದರೆ ಎಡಗಡೆ ಸರಿಯಾಗಿ ಕೂತು ಬಲಕ್ಕೆ ಹೋಗುತ್ತ ಸಾಲು ಜಾರುತ್ತದೆ. 97 ಹಲ್ಲಿನಲ್ಲಿ ಅಂತರ ಶೇಕಡಾ ಅರ್ಧ ತಪ್ಪಿದರೂ ಕೊನೆಗೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಜಾರಿರುತ್ತದೆ, ಅಂದರೆ ಬಲತುದಿ ಇನ್ನಾವುದೋ ಮಟ್ಟು ನುಡಿಯುತ್ತದೆ. ಇಲ್ಲಿ ಎರಡೂ ತುದಿ ಸರಿಯಾಗಿವೆ.

ಬಾಚಣಿಗೆಯ ಕೆಳಗೆ

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬೆಡ್‌ಪ್ಲೇಟ್ ಮತ್ತು ಬಾಚಣಿಗೆ ಒಂದೇ ಪೆಟ್ಟಿಗೆಯವು ಎಂಬ ಕೊಂಡಿ ಇನ್ನೂ ಬಿಗಿಯಾಗಿಲ್ಲ. ಎರಡರ ಮೇಲೂ ನಿಕೋಲ್ ಹೆಸರಿದ್ದ ಮಾತ್ರಕ್ಕೆ ಅವು ಜೋಡಿಯೇ ಆಗಬೇಕೆಂದಿಲ್ಲ.

ಬಾಚಣಿಗೆಯನ್ನು ಹಿತ್ತಾಳೆಯ ಪೀಠಕ್ಕೆ ಬೆಸೆದು, ಪೀಠವನ್ನು ಸ್ಕ್ರೂಗಳ ಸಾಲಿನಿಂದ ಬೆಡ್‌ಪ್ಲೇಟಿಗೆ ಬಿಗಿದಿರುತ್ತಾರೆ. ಇಲ್ಲಿ 13 ಸ್ಕ್ರೂ. ಸ್ಕ್ರೂಡ್ರೈವರಿನ ಅಲಗು ಸೀಳಿನ ಉದ್ದಕ್ಕೂ ಅಗಲಕ್ಕೂ ಸರಿಯಾಗಿ ಕೂರಬೇಕು. ಸಡಿಲ ಅಲಗು ಜಾರಿದರೆ ನೇರ ಹೋಗಿ ಹಲ್ಲಿಗೆ ಬಡಿಯುತ್ತದೆ. ನಡುವಿನಿಂದ ಶುರು ಮಾಡಿ ಎಡಬಲಕ್ಕೆ ಕಾಲು ಸುತ್ತಿನಂತೆ ಎಲ್ಲವನ್ನೂ ಸಡಿಲಿಸಿ, ಆಮೇಲೆ ತೆಗೆಯಿರಿ. ರಟ್ಟಿನಲ್ಲಿ 13 ತೂತು ಮಾಡಿ ಅದೇ ಕ್ರಮದಲ್ಲಿ ಸಿಕ್ಕಿಸಿಡಿ, ಸ್ಕ್ರೂಗಳು ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಬಾಚಣಿಗೆಯನ್ನು ಮುಂದಕ್ಕೆ ಎಳೆಯದೆ, ಓರೆ ಮಾಡದೆ ನೇರ ಮೇಲೆತ್ತಬೇಕು. ಹಲ್ಲುಗಳ ತುದಿಯ ಕೆಳಗೆ ಕೂದಲಿನಂಥ ಉಕ್ಕಿನ ತಂತಿಗಳಿವೆ. ಮುಳ್ಳು ತಾಗುವ ಮುನ್ನ ಹಲ್ಲಿನ ಕಂಪನ ಅಡಗಿಸಿ ಕಿರಗುಟ್ಟುವುದನ್ನು ತಪ್ಪಿಸುವ ತಂತಿ ಅವು. ಬಟ್ಟೆಯ ಮೇಲೆ ಬೋರಲು ಇಟ್ಟಾಗ ಅವುಗಳ ಮೇಲೆ ಭಾರ ಬೀಳಬಾರದು.

ಮಂದ್ರದ ಹಲ್ಲುಗಳ ಕೆಳಗೆ ಸೀಸದ ತುಂಡುಗಳಿವೆ. ತೂಕ ಹೆಚ್ಚಿಸಿ ಸ್ವರ ಇಳಿಸಲು ಹಾಕಿದ್ದು. ಅವುಗಳ ಮೇಲೆ ಬಿಳಿ ಪುಡಿ ಕೂತಿದ್ದರೆ ಊದಬೇಡಿ, ಅದು ಸೀಸದ ತುಕ್ಕು, ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಸಾಡಿ, ಕೈ ತೊಳೆಯಿರಿ. ತೇವದ ಹವೆ ಮತ್ತು ಮರದಿಂದ ಏಳುವ ಹುಳಿ ಆವಿ ಎರಡೂ ಸೇರಿ ಸೀಸ ಹೀಗೆ ಉಬ್ಬುತ್ತದೆ, ಪಕ್ಕದ ತುಂಡಿಗೆ ತಾಗಿ ಹಲ್ಲು ಮೂಕವಾಗುತ್ತದೆ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇಂಥದನ್ನು ಮುಚ್ಚಿದ ಮರದ ಬೀರುವಿನಲ್ಲಿಡುವುದು ಸೀಸಕ್ಕೂ ಉಕ್ಕಿಗೂ ಒಳ್ಳೆಯದಲ್ಲ.

ಪೀಠದ ಅಡಿಯಲ್ಲಿ ಸೂಜಿಯಿಂದ ಗೀಚಿದ ಮೂರು ಅಂಕಿಗಳಿವೆ. ಬೆಡ್‌ಪ್ಲೇಟಿನ ಐದಂಕಿಯ ಕೊನೆಯ ಮೂರು ಅವೇ. ಕೆಲಸದ ಮನೆಯಲ್ಲಿ ಬಿಡಿಭಾಗಗಳು ಬೆರೆತುಹೋಗದಿರಲಿ ಎಂದು ಹೀಗೆ ಗೀಚುತ್ತಿದ್ದರು. ಮಾರಾಟಕ್ಕೆ ಬರೆದದ್ದಲ್ಲವಾದ್ದರಿಂದಲೇ ಇದಕ್ಕೆ ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ. ಶ್ರುತಿ ಮಾಡಿದವರು ಹೆಸರು, ತಾರೀಕು ಗೀಚಿರುವುದೂ ಕೆಲವು ಬಾಚಣಿಗೆಗಳಲ್ಲಿ ಸಿಗುತ್ತದೆ, ಇದರಲ್ಲಿಲ್ಲ. ಮೂರು ಅಂಕಿಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರತಿ ತೆಗೆದುಕೊಳ್ಳಿ. ಎಷ್ಟೋ ಸಲ ಫೋಟೋಗಿಂತ ಅದೇ ಸ್ಪಷ್ಟ.

ಕಾಲ

ಆರು ಮಟ್ಟುಗಳ ಮೂಲ ಹಾಳೆ ಇಲ್ಲ, ಕೇಳಿಯೇ ಗುರುತಿಸಬೇಕು. ಒಂದು, ಬೆಲ್ಲಿನಿಯ ‘ಲಾ ಸೊನ್ನಾಂಬುಲಾ’ ಒಪೆರಾದ್ದು, 1831. ಇನ್ನೊಂದು ಡೊನಿಜೆಟ್ಟಿಯ ‘ಲಾ ಫಿಯ್ ದ್ಯು ರೆಜಿಮಾಂ’ ಒಪೆರಾದ್ದು, ಪ್ಯಾರಿಸಿನಲ್ಲಿ 1840. ಈ ಎರಡರಲ್ಲಿ ಈಚಿನದೇ ಲೆಕ್ಕಕ್ಕೆ ಬರುವುದು, ಹಾಗಾಗಿ ಯಂತ್ರ 1840ಕ್ಕಿಂತ ಹಿಂದಿನದಲ್ಲ. ಕೀಲಿಕೈ ಇರುವುದರಿಂದ ಸುಮಾರು 1860ರ ಈಚಿನದೂ ಅಲ್ಲ. ಒಂದೇ ತುಂಡಿನ ಬಾಚಣಿಗೆ ಈ ಅವಧಿಗೆ ಸರಿಹೊಂದುತ್ತದೆ. ಇನ್ನೂ ಹಳೆಯ ಪೆಟ್ಟಿಗೆಗಳಲ್ಲಿ ಹಲ್ಲುಗಳನ್ನು ಬಿಡಿಬಿಡಿಯಾಗಿ ಅಥವಾ ಕೆಲವೇ ಹಲ್ಲುಗಳ ತುಂಡುಗಳಾಗಿ ಜೋಡಿಸುತ್ತಿದ್ದರು. ಬೆಡ್‌ಪ್ಲೇಟ್ ಎರಕದ ಕಬ್ಬಿಣದ್ದಾಗಿರದೆ ಹಿತ್ತಾಳೆಯದಾಗಿರುವುದೂ ಇದಕ್ಕೆ ಒಪ್ಪುತ್ತದೆ. ನಿಕೋಲ್ ಸೀರಿಯಲ್ ನಂಬರುಗಳನ್ನು ವರ್ಷಕ್ಕೆ ಹೊಂದಿಸುವ ಪಟ್ಟಿಗಳನ್ನು ಸಂಗ್ರಾಹಕರು ಮಾಡಿದ್ದಾರೆ. ಇಪ್ಪತ್ತು ವರ್ಷದ ಈ ಅವಧಿಯನ್ನು ಕಿರಿದು ಮಾಡಲು ಅವು ಬೇಕು, ಆದರೆ ಅದರಿಂದ ಬಂದ ವರ್ಷದ ಹಿಂದೆ ‘ಸುಮಾರು’ ಎಂಬ ಪದ ಬಿಡಬಾರದು.

ದಾಖಲೆಯಲ್ಲಿ ಬರೆಯಬೇಕಾದದ್ದು

ಒಂದೇ ಸಾಲಿನಲ್ಲಿ ‘ನಿಕೋಲ್ ಫ್ರೆರ್ ಪೆಟ್ಟಿಗೆ’ ಎಂದು ಬರೆದರೆ ಅರ್ಧ ಸತ್ಯ. ನಾಲ್ಕು ಭಾಗವಾಗಿ ಬರೆಯಬೇಕು. ಯಂತ್ರ: ನಿಕೋಲ್ ಫ್ರೆರ್, ಜಿನೀವಾ, 1840ರ ನಂತರ, ಸುಮಾರು 1860ರೊಳಗೆ, ಆರು ಮಟ್ಟು, 97 ಹಲ್ಲು, 33 ಸೆಂಟಿಮೀಟರ್ ಸಿಲಿಂಡರ್; ಇದಕ್ಕೆ ಆಧಾರ ಬಾಚಣಿಗೆ ಮತ್ತು ಬೆಡ್‌ಪ್ಲೇಟಿನ ಅಚ್ಚು, ಪೀಠದಡಿಯ ಗೀಚು. ಮರದ ಪೆಟ್ಟಿಗೆ: ಸನ್ನೆಯ ಯಂತ್ರಕ್ಕಾಗಿ ಮಾಡಿದ್ದು, 1860ರ ಈಚಿನದು, ತಯಾರಕರು ತಿಳಿಯದು, ಈ ಯಂತ್ರಕ್ಕೆ ಆಮೇಲೆ ಹೊಂದಿಸಿದ್ದು. ಹಾಳೆ: 1877ರ ನಂತರದ್ದು, ಎಂಟು ಮಟ್ಟಿನ ಬೇರೆ ಯಂತ್ರಕ್ಕೆ ಸೇರಿದ್ದು; ಮರದ ಪೆಟ್ಟಿಗೆಯ ಜೊತೆಗೇ ಬಂದಿರಬಹುದು. ಫಲಕ: 20ನೇ ಶತಮಾನದ್ದು. ಕೊಳ್ಳುವವರಿಗೆ ಇದರಿಂದ ಬೆಲೆ ಇಳಿಯುತ್ತದೆ ನಿಜ. ಆದರೆ ಒಳಗಿರುವ ಯಂತ್ರ ಮಾರುವವರು ಹೇಳಿದ್ದಕ್ಕಿಂತ ಕಾಲು ಶತಮಾನವಾದರೂ ಹಳೆಯದು.

ಫಲಕವನ್ನು ತೆಗೆದು, ಹಾಳೆಯನ್ನು ಇದ್ದಲ್ಲೇ ಬಿಡುವುದು ಸರಿ. ಅಂಟು ನೆನೆಸಿ ಬಿಡಿಸಲು ಹೋದರೆ ಶಾಯಿ ಹರಡುತ್ತದೆ. ಅದರ ನಾಲ್ಕಂಕಿಯನ್ನೂ ಎಂಟು ಮಟ್ಟುಗಳ ಹೆಸರನ್ನೂ ನಕಲು ಮಾಡಿ, ಯಂತ್ರದ ವಿವರದ ಜೊತೆ ಬೆರೆಸದೆ ಬೇರೆಯೇ ನಮೂದಾಗಿ ಸಂಗ್ರಾಹಕರ ಸಂಘಕ್ಕೆ ಕಳಿಸಬೇಕು. 1949ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಘವೂ 1962ರಲ್ಲಿ ಶುರುವಾದ ಬ್ರಿಟನ್ನಿನ ಸಂಘವೂ ಇಂದಿಗೂ ಇವೆ. ಎಂಟು ಮೆಟ್ಟಿಲಿನ ಚಕ್ರವಿರುವ, ಹಾಳೆಯಿಲ್ಲದ ಸನ್ನೆಯ ಯಂತ್ರವೊಂದು ಯಾರದೋ ಮೇಜಿನ ಮೇಲೆ ಇದೇ ನಂಬರ್ ಹೊತ್ತು ಕೂತಿರಲು ಸಾಧ್ಯವಿದೆ.